ಕಲ್ಯಾಣ ಮಂಟಪದ ಗೋಡೆಯ ಮೇಲಿನ ಕಪಿಲೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದೆ. ಮನೆ ನಂಜನಗೂಡಿನಲ್ಲಿ. ಗಂಡ ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸು ಹಿಡಿದು ಬರುವುದು. ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಎಂದರೆ ಯಾರು ಬೇಕಾದರೂ ಕೈ ಹಾಕಬಹುದಾದ ಉಪ್ಪಿನಕಾಯಿ ಜಾಡಿ. ಗಣಿತದವರಿಗೆ ಪಾಠ ಮುಗಿಯದಿದ್ದರೆ ನನ್ನ ಪೀರಿಯಡ್ಡು, ವಿಜ್ಞಾನದವರಿಗೆ ಟೆಸ್ಟ್ ಇದ್ದರೆ ನನ್ನ ಪೀರಿಯಡ್ಡು. ನಾನೊಬ್ಬಳು ಇದ್ದೇನೆಂದು ಹೆಡ್‌ಮಾಸ್ಟರಿಗೆ ನೆನಪಾಗುತ್ತಿದ್ದದ್ದು ವಾರ್ಷಿಕೋತ್ಸವ ಹತ್ತಿರ ಬಂದಾಗ. ಆಗ ವೇದಿಕೆಯ ಹಿಂದಿನ ಪರದೆಗೆ ಒಂದು ಬೆಟ್ಟ, ಒಂದು ಸೂರ್ಯ, ಎರಡು ತೆಂಗಿನ ಮರ ಬೇಕಾಗುತ್ತಿತ್ತು.

ಅಂಥದೊಂದು ವಾರ್ಷಿಕೋತ್ಸವಕ್ಕೆ ನಂಜನಗೂಡಿನ ಅಕ್ಕಿ ಗಿರಣಿಯ ಯಜಮಾನರೊಬ್ಬರು ಮುಖ್ಯ ಅತಿಥಿಯಾಗಿ ಬಂದಿದ್ದರು. ಹಣೆ ತುಂಬ ವಿಭೂತಿ, ಗರಿಗರಿ ಬಿಳಿ ಷರಟು, ಎದೆ ಜೇಬಿನಲ್ಲಿ ಬಂಗಾರದ ಬಣ್ಣದ ಪೆನ್ನು. ಭಾಷಣ ಪೂರ್ತಿ ತಮ್ಮ ಗಿರಣಿಯ ಬಗ್ಗೆ ಮಾತಾಡಿ, ಮಕ್ಕಳು ಕಷ್ಟಪಟ್ಟು ಓದಬೇಕು ಎಂದು ಮುಗಿಸಿದರು. ಆಮೇಲೆ ಪರದೆಯ ಕಡೆ ತಿರುಗಿ ನೋಡಿದರು.

"ಇದ್ಯಾರು ಬರ್ದಿದ್ದು?"

ಹೆಡ್‌ಮಾಸ್ಟರು ನನ್ನನ್ನು ಮುಂದೆ ತಳ್ಳಿದರು.

"ಮೇಡಮ್ನೋರೆ, ಊಟಿ ರಸ್ತೇಲಿ ನಮ್ದೊಂದು ಕಲ್ಯಾಣ ಮಂಟಪ ಏಳ್ತಾ ಅದೆ. ಅದರ ಒಳಗಡೆ ಗೋಡೆಗೆ ಊರಿಂದು ಒಂದು ದೊಡ್ಡ ಚಿತ್ರ ಬೇಕು. ಹೊಳೆ, ಗೋಪುರ, ಸೋಪಾನ, ಎಲ್ಲಾ. ಬರ್ದ್‌ಕೊಡ್ತೀರಾ?"

ನಾನು ಒಪ್ಪಿಕೊಂಡೆ. ಮೈಸೂರಿನಲ್ಲಿ ಚಿತ್ರಕಲೆ ಕಲಿತು ಬಂದ ಮೇಲೆ ನನ್ನ ಕೈಗೆ ಡ್ರಾಯಿಂಗ್ ಷೀಟಿಗಿಂತ ದೊಡ್ಡದೇನೂ ಸಿಕ್ಕಿರಲಿಲ್ಲ. ಗೋಡೆಯಷ್ಟಗಲದ ಕ್ಯಾನ್ವಾಸು, ಅದರ ಮೇಲೆ ನಂಜನಗೂಡು. ಅದಕ್ಕಾಗಿ ಆ ಪೆನ್ನಿನವರನ್ನು ಸಹಿಸಿಕೊಳ್ಳಬಹುದು ಅನ್ನಿಸಿತು.

ಎಣ್ಣೆ ಬಣ್ಣ ಬೇಡವೆಂದು ತೀರ್ಮಾನಿಸಿದೆ. ಅದು ಒಣಗಲು ವಾರಗಟ್ಟಲೆ ಬೇಕು, ನನ್ನ ಬೇಸಿಗೆ ರಜೆ ಅಷ್ಟು ಉದ್ದವಿರಲಿಲ್ಲ. ಅಕ್ರಿಲಿಕ್ ಬಣ್ಣ ಆಗಷ್ಟೇ ನಮ್ಮ ಕಡೆ ಸುಲಭವಾಗಿ ಸಿಗತೊಡಗಿತ್ತು. ಮೈಸೂರಿಗೆ ಹೋಗಿ ಟ್ಯೂಬುಗಳನ್ನು ತಂದೆ. ನೀರಿನಲ್ಲಿ ಕಲಸಬಹುದು, ಬೇಗ ಒಣಗುತ್ತದೆ, ಒಣಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಹೋಗುವುದಿಲ್ಲ. ತಪ್ಪಾದರೆ ಅದರ ಮೇಲೇ ಇನ್ನೊಂದು ಬಣ್ಣ ಬಳಿಯಬಹುದು. ಈ ಕೊನೆಯ ಗುಣವನ್ನು ನಾನು ಯಜಮಾನರ ಮುಂದೆ ಹೇಳಬಾರದಿತ್ತು. ಕಲಿತ ವಿದ್ಯೆ ಬಾಯಲ್ಲಿ ನಿಲ್ಲಲಿಲ್ಲ, ಹೇಳಿಬಿಟ್ಟೆ. ಅವರು ತಲೆಯಾಡಿಸಿದರು.

"ಅಂದ್ರೆ ಯಾವಾಗ ಬೇಕಾದ್ರೂ ಬದಲಾಯಿಸ್ಬೋದು. ಒಳ್ಳೇದಾಯ್ತು ಬುಡಿ."

ಮೊದಲು ಸ್ಕೆಚ್ಚು. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊಳೆ ದಾಟಿ ಆಚೆ ದಡಕ್ಕೆ ಹೋಗಿ ಕೂರುತ್ತಿದ್ದೆ. ಅಲ್ಲಿಂದ ಊರು ಚೆನ್ನಾಗಿ ಕಾಣುತ್ತದೆ. ಒಂದು ಬದಿಗೆ ಹಳೇ ಸೇತುವೆಯ ಕಲ್ಲಿನ ಕಮಾನುಗಳು, ನಡುವೆ ಸ್ನಾನಘಟ್ಟದ ಮೆಟ್ಟಿಲುಗಳು, ಅವುಗಳ ಹಿಂದೆ ಒಂದರ ಮೇಲೊಂದು ಹತ್ತಿದಂತೆ ಹೆಂಚಿನ ಮನೆಗಳು, ಎಲ್ಲಕ್ಕಿಂತ ಮೇಲೆ ನಂಜುಂಡೇಶ್ವರನ ಗೋಪುರ. ಕಟ್ಟಡಗಳನ್ನು ಬರೆಯುವಾಗ ಒಂದು ಕಷ್ಟವಿದೆ. ಮರವನ್ನು ತುಸು ಓರೆ ಬರೆದರೂ ಮರ ಮರವೇ. ಮನೆಯ ಗೋಡೆ ಓರೆಯಾದರೆ ಮನೆ ಬಿದ್ದಂತೆ ಕಾಣುತ್ತದೆ. ಹಾಗೆಂದು ಸ್ಕೇಲಿಟ್ಟು ಗೆರೆ ಎಳೆದರೆ ಮನೆಗೆ ಜೀವವಿರುವುದಿಲ್ಲ, ಹೌಸಿಂಗ್ ಬೋರ್ಡಿನ ನಕ್ಷೆಯಾಗುತ್ತದೆ. ಕಣ್ಣಿನಲ್ಲೇ ಅಳೆದು, ಕೈಯಲ್ಲೇ ಎಳೆಯಬೇಕು.

ಹಾಗೆ ಪೆನ್ಸಿಲನ್ನು ಕಣ್ಣ ಮುಂದೆ ಹಿಡಿದು ಅಳೆಯುತ್ತಿದ್ದಾಗ ಬಟ್ಟೆ ಒಗೆಯಲು ಬಂದ ಹೆಂಗಸೊಬ್ಬಳು ಪಕ್ಕದಲ್ಲಿ ನಿಂತಳು.

"ಏನವ್ವ, ಸರ್ವೆನಾ? ರಸ್ತೆ ಅಗಲ ಮಾಡ್ತಾರಾ? ನಮ್ಮನೆ ಓಯ್ತದಾ?"

"ಇಲ್ಲಮ್ಮ. ಚಿತ್ರ ಬರೀತಿದ್ದೀನಿ, ಕಲ್ಯಾಣ ಮಂಟಪಕ್ಕೆ."

"ಅಂಗಾದ್ರೆ ಗೌರ್ಮೆಂಟಲ್ಲ" ಎಂದು ಸಮಾಧಾನ ಮಾಡಿಕೊಂಡು ಹೋದಳು. ಚಿತ್ರದ ಬಗ್ಗೆ ಆಕೆಗೆ ಆಸಕ್ತಿಯಿರಲಿಲ್ಲ, ಇದ್ದಂತೆ ನಟಿಸಲೂ ಇಲ್ಲ. ಆಮೇಲಿನ ದಿನಗಳಲ್ಲಿ ನಾನು ಕಂಡ ದೊಡ್ಡ ಮನುಷ್ಯರಿಗಿಂತ ಅವಳು ಎಷ್ಟೋ ವಾಸಿ.

ಮಂಟಪದ ಮಹಡಿಯ ಊಟದ ಹಾಲಿನಲ್ಲಿ ನನಗೆ ಜಾಗ ಕೊಟ್ಟರು. ಕೆಳಗೆ ನೆಲಕ್ಕೆ ಪಾಲಿಷ್ ಹಾಕುವ ಯಂತ್ರ ದಿನವಿಡೀ ಗೊರಗುಟ್ಟುತ್ತಿತ್ತು. ಅದರ ಬಿಳಿ ಧೂಳು ಮೆಟ್ಟಿಲು ಹತ್ತಿ ಬಂದು ನನ್ನ ಹಸಿ ಆಕಾಶದ ಮೇಲೆ ಕೂರುತ್ತಿತ್ತು. ಏಪ್ರಿಲ್ ಸೆಕೆಗೆ ಪ್ಯಾಲೆಟ್ಟಿನ ಮೇಲೆ ಬಣ್ಣ ದೋಸೆಯಂತೆ ಕಾದು ಒಣಗುತ್ತಿತ್ತು. ಕಲಸಿದ ಬಣ್ಣಕ್ಕೆ ಮತ್ತೆ ಮತ್ತೆ ನೀರು ಚಿಮುಕಿಸಬೇಕು. ಹಚ್ಚಿದಾಗ ತಿಳಿಯಾಗಿದ್ದದ್ದು ಒಣಗಿದ ಮೇಲೆ ಒಂದು ಪಟ್ಟು ಕಪ್ಪಾಗಿರುತ್ತಿತ್ತು. ಇವೆಲ್ಲ ನನಗೆ ತೊಂದರೆ ಅನ್ನಿಸಲಿಲ್ಲ, ಕೆಲಸದ ಪಾಲು. ತೊಂದರೆ ಬರುತ್ತಿದ್ದದ್ದು ದಿನಾ ಹನ್ನೊಂದು ಗಂಟೆಯ ಕಾಫಿಯ ಜೊತೆ. ಯಜಮಾನರು ಮೂರ್ನಾಲ್ಕು ಸ್ನೇಹಿತರನ್ನು ಕರೆದುಕೊಂಡು ಬಂದು, ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಕಾಫಿ ಕುಡಿಯುತ್ತ ಚಿತ್ರ ನೋಡುತ್ತಿದ್ದರು.

ಮೊದಲ ದಿನ ಕೇಳಿದ್ದು ಆಕಾಶದ ವಿಷಯ.

"ಆಕಾಸ ಇಷ್ಟೊಂದ್ ಯಾಕೆ? ಕಾಲಿ ಬುಟ್ಟಂಗೆ ಕಾಣ್ತದೆ."

"ಆಕಾಶ ಖಾಲಿಯೇ ಇರುತ್ತೆ ಯಜಮಾನ್ರೆ."

ಸ್ನೇಹಿತರು ನಕ್ಕರು. ಯಜಮಾನರಿಗೆ ಅದು ಹಿಡಿಸಲಿಲ್ಲ. ಖಾಲಿ ಜಾಗ ಕಂಡರೆ ಏನಾದರೂ ಕಟ್ಟಿಸಬೇಕೆನ್ನುವ ಜಾತಿಯ ಮನುಷ್ಯ. ಮಾರನೆಯ ದಿನ ಆ ಖಾಲಿಗೆ ಏನು ಬೇಕೆಂದು ಯೋಚಿಸಿಕೊಂಡು ಬಂದರು.

"ಗೋಪುರದ ಪಕ್ಕಕ್ಕೆ ನಮ್ಮ ಮಂಟಪ ಬರ್ಲಿ."

"ಮಂಟಪ ಊಟಿ ರಸ್ತೇಲಿದೆ. ಹೊಳೆ ಆಚೆಯಿಂದ ನೋಡಿದ್ರೆ ಕಾಣಲ್ಲ."

"ಕಾಣಂಗೆ ಬರೀರಿ. ಅದ್ಕೇ ತಾನೆ ನಿಮ್ನ ಕರ್ಸಿದ್ದು?"

ಆ ಮಂಟಪದ ಮುಂಭಾಗವನ್ನು ನೋಡಿದವರಿಗೆ ನನ್ನ ಸಂಕಟ ಗೊತ್ತಾಗುತ್ತದೆ. ಎರಡು ಕಡೆ ಸೊಂಡಿಲೆತ್ತಿದ ಸಿಮೆಂಟಿನ ಆನೆಗಳು. ಅವುಗಳ ಬೆನ್ನಿಗೆ ರೋಮಿನವರು ಕಂಡರೆ ನಾಚಿಕೊಳ್ಳುವಂಥ ಕಂಬಗಳು. ಕಂಬಗಳ ಮೇಲೆ ನೀಲಿ ಕನ್ನಡಿ ಗಾಜು. ಗಾಜಿನ ಮೇಲೆ ಒಂದು ಕಳಶ. ಮನೆಗಳ ಸಾಲಿನ ಮೇಲೆ ಅದನ್ನು ಕೂರಿಸಿದಾಗ ಮುದುಕಿಯರ ನಡುವೆ ಬ್ಯಾಂಡ್ ಸೆಟ್ಟಿನವನೊಬ್ಬ ನಿಂತಂತಾಯಿತು. ಮರುವಾರ ಅದರ ಪಕ್ಕಕ್ಕೆ ಗಿರಣಿಯ ಹೊಗೆಕೊಳವೆ ಬೇಕೆಂದರು. ಅದೂ ಬಂತು. ಹೊಗೆಯನ್ನು ಮಾತ್ರ ಬೇಡ ಎಂದರು.

ಮೆಟ್ಟಿಲುಗಳ ಮೇಲೆ ಮುಡಿ ಕೊಟ್ಟು ಸ್ನಾನಕ್ಕೆ ನಿಂತ ಭಕ್ತರನ್ನು ಬರೆದಿದ್ದೆ. ಒದ್ದೆ ಬೋಳು ತಲೆಗಳ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಹೊಳೆಯುವ ಬಗೆಯನ್ನು ಹಿಡಿಯಲು ನನಗೆ ಒಂದಿಡೀ ದಿನ ಹಿಡಿದಿತ್ತು.

"ಮದ್ವೆ ಮನೇಲಿ ಬೋಳು ತಲೆ ಯಾಕ್ರೀ? ಅಪಸಕುನ" ಅಂದರು ಯಜಮಾನರು.

"ನಂಜನಗೂಡಲ್ಲಿ ಬೋಳು ತಲೆ ಇರದೆ ಇನ್ನೇನಿರುತ್ತೆ? ದೇವರಿಗೆ ಕೊಟ್ಟ ಮುಡಿ."

"ದೇವ್ರಿಗೆ ಕೊಟ್ಟಿದ್ದು ದೇವಸ್ಥಾನ್ದಲ್ಲಿ ಇರ್ಲಿ. ಇಲ್ಲಿ ಕೂದ್ಲು ಹಾಕಿ."

ನಾನು ಕೂದಲು ಹಾಕಿದೆ. ನಂಜುಂಡನಿಗೆ ಹರಕೆ ಹೊತ್ತು ದೂರದೂರುಗಳಿಂದ ಬಂದು ಕೊಟ್ಟ ಮುಡಿಯನ್ನು ಅಕ್ಕಿ ಗಿರಣಿಯ ಯಜಮಾನರೊಬ್ಬರು ಒಂದೇ ಮಧ್ಯಾಹ್ನ ವಾಪಸ್ಸು ಕೊಡಿಸಿದರು. ಸಂಜೆ ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಊಟ ಮಾಡುತ್ತಲೇ ಕೇಳಿದರು, "ಕ್ರಾಪ್ ಯಾವ ಥರದ್ದು ಹಾಕ್ದೆ?"

ಇನ್ನೇನು ಮುಗಿಯಿತು ಅನ್ನುವಾಗ ವಾಸ್ತು ಪಂಡಿತರ ಆಗಮನವಾಯಿತು. ಆ ವರ್ಷಗಳಲ್ಲಿ ನಮ್ಮ ಕಡೆ ಯಾರು ಗೋಡೆ ಕಟ್ಟಿದರೂ ಒಬ್ಬ ವಾಸ್ತು ಪಂಡಿತ ಬಂದು ಒಡೆಸಿ ಹೋಗುವುದು ವಾಡಿಕೆಯಾಗಿತ್ತು. ಈತ ಮೈಸೂರಿನಿಂದ ಬಂದವನು. ಸಫಾರಿ ಸೂಟು, ಕೈಯಲ್ಲಿ ಸ್ಕೂಟರ್ ಕೀ, ಆ ಕೀಗೆ ನೇತುಬಿದ್ದ ಒಂದು ದಿಕ್ಸೂಚಿ. ಚಿತ್ರವನ್ನು ಬಾಗಿಲ ಪಕ್ಕದ ಯಾವ ಗೋಡೆಗೆ ಹಾಕುತ್ತಾರೆಂದು ವಿಚಾರಿಸಿಕೊಂಡ. ಕೀಯನ್ನು ಚಿತ್ರದ ಮುಂದೆ ಆಡಿಸಿದ.

"ನೀರು ಬಾಗಿಲ ಕಡೆ ಹರೀತಿದೆ ಯಜಮಾನ್ರೆ. ಬಂದ ಲಕ್ಷ್ಮಿ ಹಾಗೇ ಆಚೆ ಹೋಗ್ಬಿಡ್ತಾಳೆ. ಒಳಕ್ಕೆ ಹರೀಬೇಕು."

ನಾನು ಬರೆದದ್ದು ಬೇಸಿಗೆಯ ಕಪಿಲೆ. ಕನ್ನಡಿಯ ಹಾಗೆ ನಿಂತ ನೀರು, ಅದರಲ್ಲಿ ಕಮಾನುಗಳ ನೆರಳು. ಎಡಕ್ಕೂ ಹರಿಯುತ್ತಿರಲಿಲ್ಲ, ಬಲಕ್ಕೂ ಹರಿಯುತ್ತಿರಲಿಲ್ಲ.

"ಯಾವ ಕಡೆ ಹರೀತಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ನಮಗೆ ಗೊತ್ತಾಗುತ್ತೆ ಮೇಡಂ. ಅದೇ ಶಾಸ್ತ್ರ."

ಯಜಮಾನರು ನನ್ನ ಮುಖ ನೋಡಿದರು. "ಅದೇನೋ ಮೇಲೆ ಬಳೀಬೋದು ಅಂದಿದ್ರಲ್ಲ. ತಿರುಗ್ಸಿಬುಡಿ."

"ತಿರುಗಿಸ್ತೀನಿ. ಒಂದು ವಾರ ಬಿಟ್ಟು ಕರ್ಕೊಂಡು ಬನ್ನಿ" ಅಂದೆ.

ಆ ವಾರ ಪೂರ್ತಿ ಯಾರೂ ಮಹಡಿ ಹತ್ತಲಿಲ್ಲ. ನದಿ ತಿರುಗುವಾಗ ನೋಡಬಾರದೆಂದು ಪಂಡಿತನೇ ಹೇಳಿದ್ದನೋ ಏನೋ. ನಾನು ನೀರನ್ನು ಮುಟ್ಟಲೇ ಇಲ್ಲ. ಹೆಂಚುಗಳ ಮೇಲಿನ ಪಾಚಿ, ಗೋಪುರದ ಮೂಲೆಗಳಲ್ಲಿ ಪಾರಿವಾಳ, ಮೆಟ್ಟಿಲ ಮೇಲೆ ಒಣಗಲು ಹಾಕಿದ ಒಂದು ಹಳದಿ ಸೀರೆ, ಹೀಗೆ ನನಗೆ ಬೇಕಾದ್ದನ್ನು ನೆಮ್ಮದಿಯಾಗಿ ಬರೆದುಕೊಂಡೆ. ವಾರ ಕಳೆದು ಪಂಡಿತ ಬಂದ, ಮತ್ತೆ ಕೀಯನ್ನು ಆಡಿಸಿದ, ಕಣ್ಣು ಕಿರಿದು ಮಾಡಿದ.

"ಈಗ ನೋಡಿ ಯಜಮಾನ್ರೆ, ಹೇಗೆ ಒಳಗೆ ಬರ್ತಿದಾಳೆ."

ಯಜಮಾನರು ಚಪ್ಪಲಿ ಬಿಟ್ಟು ಕೈ ಮುಗಿದರು.

ಪ್ರಾರಂಭೋತ್ಸವದ ದಿನ ಬಂದ ಗಣ್ಯರೆಲ್ಲ ಚಿತ್ರದ ಮುಂದೆ ನಿಂತು "ಫೋಟೋ ಥರಾನೇ ಅದೆ" ಎಂದರು. ನಮ್ಮ ಕಡೆ ಚಿತ್ರಕ್ಕೆ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಹಾಗಾದರೆ ಫೋಟೋವನ್ನೇ ಹಾಕಬಹುದಿತ್ತಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ. ಹೋಳಿಗೆ ಊಟ ಮಾಡಿ ಮನೆಗೆ ಬಂದೆ.

ಮೂರ್ನಾಲ್ಕು ವರ್ಷ ಕಳೆಯಿತು. ದಿನಾ ಬಸ್ಸಿನ ಓಡಾಟ ಸಾಕಾಗಿ ನಾವು ತಿ. ನರಸೀಪುರದಲ್ಲೇ ಹೊಳೆಗೆ ಹತ್ತಿರವಾಗಿ ಒಂದು ಬಾಡಿಗೆ ಮನೆ ಹಿಡಿದೆವು. ಬಸ್ಸಿನ ಓಡಾಟ ಗಂಡನ ಪಾಲಿಗೆ ಬಂತು. ಅಷ್ಟರಲ್ಲಿ ನಂಜನಗೂಡಿನಲ್ಲಿ ಯಜಮಾನರೂ ಅವರ ತಮ್ಮನೂ ಬೇರೆಯಾಗಿದ್ದರು. ಪಾಲಿನಲ್ಲಿ ಗಿರಣಿ ಅಣ್ಣನಿಗೆ ಹೋಗಿ ಕಲ್ಯಾಣ ಮಂಟಪ ತಮ್ಮನಿಗೆ ಬಂದಿತ್ತು. ತಮ್ಮನಿಗೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಲಾಡ್ಜೂ ಇತ್ತು. ಒಂದು ಭಾನುವಾರ ಆತ ಕಾರು ಮಾಡಿಕೊಂಡು ನಮ್ಮ ಮನೆಗೆ ಬಂದ. ಅಣ್ಣನ ಮೂಗು, ಅಣ್ಣನ ದನಿ, ಜೇಬಿನಲ್ಲಿ ಪೆನ್ನಿನ ಬದಲು ಮೊಬೈಲು.

"ಆ ಚಿತ್ರದಲ್ಲಿ ಅಣ್ಣನ ಮಿಲ್ಲದೆ ಮೇಡಮ್ನೋರೆ. ದಿನಾ ಬಾಗ್ಲು ತೆಗುದ್ರೆ ಅದೇ ಕಣ್ಣಿಗೆ ಬೀಳ್ತದೆ. ಅಳಿಸ್ಬುಡಿ. ಆ ಜಾಗ್ದಲ್ಲಿ ನಮ್ ಲಾಡ್ಜ್ ಬರೀರಿ."

"ಲಾಡ್ಜ್ ಬಸ್ ಸ್ಟ್ಯಾಂಡ್ ಹತ್ರ ಅಲ್ವಾ ಇರೋದು?"

"ಮಂಟಪಾನೇ ಹೊಳೆ ದಡಕ್ಕೆ ಬಂದದೆ, ಲಾಡ್ಜ್ ಬರಕಾಗಕಿಲ್ವಾ?"

ಅಲ್ಲಿಗೆ ಬಂದು ಬರೆಯಲು ಆಗುವುದಿಲ್ಲ, ಕಳಿಸಿಕೊಡಿ ಎಂದೆ. ಟೆಂಪೋದಲ್ಲಿ ಹಾಸಿಗೆ ಸುತ್ತಿದಂತೆ ಜಮಖಾನ ಸುತ್ತಿಕೊಂಡು ಚಿತ್ರ ಬಂತು. ನಮ್ಮ ನಡುಮನೆಯ ಒಂದು ಗೋಡೆಯಿಡೀ ಅದಕ್ಕೇ ಆಯಿತು.

ಬೆಳಕಿಗೆ ಇಟ್ಟು ನೋಡಿದೆ. ಮದುವೆ ಮನೆಯ ಧೂಪ, ಎಣ್ಣೆ, ಮಕ್ಕಳ ಕೈಗುರುತು. ನೀರಿನಲ್ಲಿ ನಾನು ಬರೆದಿದ್ದ ಹರಿಗೋಲೊಂದರ ಮೇಲೆ ಯಾರೋ ಸುಣ್ಣದ ಬೆರಳು ಒರೆಸಿದ್ದರು. ಅದೆಲ್ಲ ಹೋಗಲಿ. ಮಂಟಪ, ಕೊಳವೆ, ಕೂದಲು ಎಲ್ಲವೂ ಸೇರಿ ಬಣ್ಣ ಅಲ್ಲಲ್ಲಿ ರೊಟ್ಟಿಯಷ್ಟು ದಪ್ಪವಾಗಿತ್ತು. ಅದರ ಮೇಲೆ ಲಾಡ್ಜು. ಕೊಳವೆಯನ್ನು ಅಳಿಸಿ ಲಾಡ್ಜನ್ನು ಬರೆದೆ, ಬೋರ್ಡಿನ ಅಕ್ಷರ ಓದುವ ಹಾಗೆ ದೊಡ್ಡದಾಗಿ. ಬರೆದು ಮುಗಿಸಿ ದೂರ ನಿಂತು ನೋಡಿದಾಗ ಮೈ ಉರಿಯಿತು. ಚಿತ್ರದ ಎಡಗಡೆ ಆನೆ, ಕಂಬ, ಗಾಜು, ಲಾಡ್ಜು. ಅವುಗಳ ಪಕ್ಕದಲ್ಲಿ ಹೆದರಿಕೊಂಡು ನಿಂತಂತೆ ನನ್ನ ನಂಜನಗೂಡು. ಅದು ಅಲ್ಲಿ ಇರಬೇಕಾದ ಅಗತ್ಯ ಯಾರಿಗೂ ಇರಲಿಲ್ಲ.

ಎಡಗಡೆಯ ಆ ಭಾಗವನ್ನು ಬಿಟ್ಟು ಉಳಿದುದರ ಮೇಲೆಲ್ಲ ಬಿಳಿ ಬಳಿದೆ. ಗೋಪುರ, ಸೇತುವೆ, ಮೆಟ್ಟಿಲು, ಕ್ರಾಪು ಬಿಟ್ಟ ಭಕ್ತರು, ಎಲ್ಲ ಹೋದರು. ಕೆಲಸದಿಂದ ಬಂದ ಗಂಡ ಬಾಗಿಲಲ್ಲೇ ನಿಂತರು.

"ಊರು ಎಲ್ಲಿ?"

"ಬೇರೆ ಊರು ಬರೀತೀನಿ."

"ಅವ್ರು ಸುಮ್ನಿರ್ತಾರಾ?"

"ನೋಡಿದ್ರೆ ತಾನೆ?" ಅಂದೆ.

ಆ ಬೇಸಿಗೆ ದಿನಾ ಬೆಳಿಗ್ಗೆ ತಿರುಮಕೂಡಲಿನ ಕಡೆಯ ದಡಕ್ಕೆ ಹೋಗಿ ತಿ. ನರಸೀಪುರವನ್ನು ನೋಡಿ ಬರೆದೆ. ನೀರು ಅದೇ ಕಪಿಲೆಯದು. ನಂಜನಗೂಡನ್ನು ದಾಟಿ ಇಲ್ಲಿಗೆ ಬಂದು ಕಾವೇರಿಯನ್ನು ಸೇರುತ್ತದೆ. ಉಳಿದುದೆಲ್ಲ ಬೇರೆ. ನರಸಿಂಹಸ್ವಾಮಿ ಗುಡಿಯ ಗೋಪುರ ನಂಜನಗೂಡಿನ ಗೋಪುರದ ಎದೆಯ ಮಟ್ಟಕ್ಕೂ ಬರುವುದಿಲ್ಲ. ಇಲ್ಲಿ ಆ ಕಲ್ಲಿನ ಕಮಾನುಗಳ ಸೇತುವೆಯಿಲ್ಲ. ನೀರು ಅಗಲ, ಮರಳು ಹೆಚ್ಚು, ಆಚೆಗೆ ಸಂಗಮದ ಬಯಲು. ಮನೆಗಳೂ ಅಷ್ಟು ಒತ್ತಾಗಿಲ್ಲ. ಕಣ್ಣಿರುವ ಯಾವ ಮನುಷ್ಯನೂ ಈ ಎರಡು ಊರುಗಳನ್ನು ಒಂದೆಂದು ತಿಳಿಯುವುದು ಸಾಧ್ಯವಿಲ್ಲ. ಎರಡು ಕಟ್ಟಡಗಳನ್ನು ಬಿಟ್ಟು ಉಳಿದ ಚಿತ್ರವನ್ನು ಮೊದಲ ಬಾರಿಗೆ ಯಾರ ಕಾಫಿಯ ವಾಸನೆಯೂ ಇಲ್ಲದೆ ಬರೆದೆ. ಮುಗಿದಾಗ ಟೆಂಪೋ ಕರೆಸಿ ಹೇರಿ ಕಳಿಸಿದೆ. ಎರಡು ದಿನದಲ್ಲಿ ವಾಪಸ್ಸು ಬರುತ್ತದೆ, ಜೊತೆಗೆ ಆ ಮನುಷ್ಯನೂ ಬಂದು ಕೂಗಾಡುತ್ತಾನೆ ಎಂದು ಕಾದೆ.

ಫೋನ್ ಬಂತು. "ಬೋರ್ಡ್ ಪಸಂದಾಗದೆ ಮೇಡಮ್ನೋರೆ. ಇನ್ನೊಂಚೂರು ಕೆಂಪು ಹಾಕ್ಬೋದಾಗಿತ್ತು. ಇರ್ಲಿ ಬುಡಿ."

ಅಷ್ಟೇ. ನಂಜನಗೂಡಿನ ಕಲ್ಯಾಣ ಮಂಟಪದಲ್ಲಿ ತಿ. ನರಸೀಪುರ ನೇತಾಡಿತು. ಲಗ್ನದ ಕಾಲದಲ್ಲಿ ವಾರಕ್ಕೆರಡು ಮದುವೆ, ಪ್ರತಿ ಮದುವೆಗೂ ಊರಿಗೆ ಊರೇ ಬರುತ್ತಿತ್ತು. ಗೋಪುರದ ನೆರಳಿನಲ್ಲೇ ಹುಟ್ಟಿ, ಅದೇ ಹೊಳೆಯಲ್ಲಿ ಈಜಿ, ಅದೇ ಮೆಟ್ಟಿಲ ಮೇಲೆ ಪಿಂಡ ಬಿಟ್ಟ ಜನ. ಚಿತ್ರದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಗೋಪುರ ಕುಳ್ಳಗಾಗಿದೆ ಎಂದು ಯಾರೂ ಅನ್ನಲಿಲ್ಲ. ಸೇತುವೆ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ದೇವಸ್ಥಾನದ ಅರ್ಚಕರೊಬ್ಬರು ನನ್ನನ್ನು ಬಸ್ಸಿನಲ್ಲಿ ಕಂಡು, "ನಮ್ಮ ಗೋಪುರ ಬಹಳ ಲಕ್ಷಣವಾಗಿ ಬಂದಿದೆಯಮ್ಮ" ಎಂದು ಆಶೀರ್ವಾದ ಮಾಡಿದರು. ದಿನಾ ಮೂರು ಹೊತ್ತು ಆ ಗೋಪುರದ ಕೆಳಗೆ ನುಸುಳಿ ಹೋಗುವವರು.

ಅಣ್ಣನೂ ಒಂದು ಮದುವೆಗೆ ಅಲ್ಲಿಗೆ ಹೋದರಂತೆ. ಆ ವಾರದಲ್ಲೇ ನಾನು ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ಎದುರಾದೆ. ಅವರ ಮುಖ ಕೆಂಪಾಗಿತ್ತು. ಇವರಿಗಾದರೂ ತಿಳಿಯಿತು ಎಂದುಕೊಂಡೆ.

"ಇದು ಸರೀನಾ ಮೇಡಮ್ನೋರೆ? ನೀವು ಓದ್ದೋರು. ಅಷ್ಟು ವಿಸ್ವಾಸದಲ್ಲಿ ಬರ್ಸಿದ್ದೆ."

"ಏನು ಯಜಮಾನ್ರೆ?"

"ನಮ್ಮ ಕೊಳವೆ ಎಲ್ಲಿ? ಅಳ್ಸಿದ್ದೀರಲ್ಲ."

"ಬೇರೆ ಏನೂ ವ್ಯತ್ಯಾಸ ಕಾಣಲಿಲ್ವಾ ನಿಮಗೆ?"

"ಬೇರೇದ್ ಕಟ್ಕೊಂಡು ನಂಗೇನು? ಕೊಳವೆ ಇಲ್ಲ ಅಷ್ಟೇ." ಕೈ ಮುಗಿಯದೆ ಹೊರಟು ಹೋದರು. ನಂಜುಂಡೇಶ್ವರನೇ ಕಾಣೆಯಾಗಿದ್ದ. ಇವರಿಗೆ ಬೇಕಾಗಿದ್ದದ್ದು ಕೊಳವೆ.

ಎರಡು ವರ್ಷದ ನಂತರ ನಮ್ಮ ಶಾಲೆಯ ಕನ್ನಡ ಮೇಷ್ಟರ ಮಗಳ ಮದುವೆ ಅದೇ ಮಂಟಪದಲ್ಲಾಯಿತು. ಹೆಣ್ಣಿನ ಕಡೆಯವರು ತಿ. ನರಸೀಪುರದ ಹೊಳೆಬದಿಯ ಜಮೀನುದಾರರು. ನಾನು ಊಟ ಮುಗಿಸಿ ಇಳಿದು ಬರುವಾಗ ಹುಡುಗಿಯ ದೊಡ್ಡಪ್ಪ, ಟವೆಲು ಹೆಗಲಿಗೆ ಹಾಕಿಕೊಂಡ ದಪ್ಪ ಮೀಸೆಯ ಹಿರಿಯರು, ಚಿತ್ರದ ಮುಂದೆ ನಿಂತಿದ್ದರು. ಪಕ್ಕದಲ್ಲಿ ಮಂಟಪದ ಮಾಲೀಕ, ಆ ತಮ್ಮ.

"ಇದು ನಮ್ಮೂರು ಕಣ್ರೀ" ಎಂದರು ಹಿರಿಯರು.

"ಇಲ್ಲ ಗೌಡ್ರೆ, ನಂಜನಗೂಡು. ನಮ್ ಮಂಟಪ ಕಾಣಕಿಲ್ವಾ?"

"ಮಂಟಪ ಮನೆ ಹಾಳಾಗ್ಲಿ. ಇದು ಗುಂಜಾ ನರಸಿಂಹಸ್ವಾಮಿ ಗುಡಿ. ಇದ್ರ ಬಲಕ್ಕೆ ನಮ್ಮ ತೋಟದ ಬೇಲಿ. ಈ ಅರಳಿ ಮರದ ಕೆಳಗೆ ನಮ್ಮಪ್ಪನ್ ಕಾಲ್ದಿಂದ ಪಂಪ್‌ಸೆಟ್ಟದೆ."

"ನಮ್ಮೂರಲ್ಲೂ ಅರಳಿ ಮರ ಅವೆ."

"ನಿಮ್ಮೂರ್ ಗೋಪುರ ಇಷ್ಟೇನಾ? ಹೊರಗೆ ಓಗಿ ನೋಡ್ಕಂಡ್ ಬನ್ರಿ ಒಂದ್ ಸಲ."

ಜನ ಸೇರಿದರು. ಗಂಡಿನ ಕಡೆಯವರು ನಂಜನಗೂಡಿನವರು, ಅವರು ಮಾಲೀಕನ ಪಕ್ಷ ವಹಿಸಿದರು. ಹೆಣ್ಣಿನ ಕಡೆಯವರು ದೊಡ್ಡಪ್ಪನ ಪಕ್ಷ. ಒಬ್ಬರಾದರೂ ಗೋಪುರವನ್ನು ನೋಡಿ ತೀರ್ಮಾನಿಸಲಿಲ್ಲ, ತಾವು ಯಾರ ಕಡೆಯವರೆಂದು ನೋಡಿ ತೀರ್ಮಾನಿಸಿದರು. ಕನ್ನಡ ಮೇಷ್ಟರು ಓಡಿ ಬಂದು, ಎರಡೂ ಊರು ಕಪಿಲೆಯ ಮಕ್ಕಳೇ ಎಂದು ಒಂದು ಸಣ್ಣ ಭಾಷಣ ಮಾಡಿದರು. ಅಷ್ಟರಲ್ಲಿ ಮಾಲೀಕ ನನ್ನನ್ನು ಕಂಡ.

"ಇವ್ರೇ ಬರ್ದಿದ್ದು. ಕೇಳಿ ಬೇಕಾದ್ರೆ. ಹೇಳಿ ಮೇಡಮ್ನೋರೆ, ಯಾವೂರು?"

"ತಿ. ನರಸೀಪುರ" ಎಂದೆ.

ದೊಡ್ಡಪ್ಪ ಮೀಸೆಯ ಮೇಲೆ ಕೈಯಾಡಿಸಿದರು. ಮಾಲೀಕ ಒಂದು ಗಳಿಗೆ ಚಿತ್ರವನ್ನು ನೋಡಿದ. ಅದನ್ನು ಆತ ನಿಜವಾಗಿ ನೋಡಿದ್ದು ಅದೇ ಮೊದಲಿರಬೇಕು.

"ಯಾವಾಗ್ಲಿಂದ?"

"ನೀವು ಲಾಡ್ಜ್ ಬರೆಸಿದಾಗಿನಿಂದ."

ಆತ ಕೂಗಾಡಲಿಲ್ಲ. ಎಲ್ಲರೂ ಊಟಕ್ಕೆ ಹೋದ ಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಆಗಿದ್ ಆಯ್ತು. ಕೆಳಗಡೆ ಒಂದು ಪಟ್ಟಿ ಎಳ್ದು ನಂಜನಗೂಡು ಅಂತ ದಪ್ಪಕ್ಷರದಲ್ಲಿ ಬರ್ದ್‌ಬುಡಿ. ತಕರಾರೇ ಇರಕಿಲ್ಲ."

"ಬರೆಯೋದಿಲ್ಲ" ಎಂದೆ. ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿ ಇನ್ನೊಂದು ಮಾತಾಡಿದ ನೆನಪಿಲ್ಲ.

ಮುಂದಿನ ಲಗ್ನದ ಕಾಲಕ್ಕೆ ಚಿತ್ರವನ್ನು ಇಳಿಸಿದರು. ಊರಿಗೆ ಆಗ ಫ್ಲೆಕ್ಸ್ ಪ್ರಿಂಟಿನ ಅಂಗಡಿ ಬಂದಿತ್ತು. ಅದೇ ಗೋಡೆಗೆ ಸ್ವಿಟ್ಜರ್ಲೆಂಡಿನದೋ ಎಲ್ಲಿಯದೋ ಒಂದು ಜಲಪಾತ, ಮುಂದೆ ಎರಡು ಹಂಸ, ಹಿಂದೆ ಹಿಮದ ಬೆಟ್ಟ. ಅದು ಯಾವ ಊರೆಂದು ಯಾರೂ ಜಗಳವಾಡುವ ಹಾಗಿರಲಿಲ್ಲ. ಜನಕ್ಕೆ ಅದು ತುಂಬ ಹಿಡಿಸಿತೆಂದು ಕೇಳಿದೆ.

ನನ್ನ ಚಿತ್ರ ಏನಾಯಿತೆಂದು ಕೇಳಲು ಹೋದೆ. ಅಡಿಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಜಾಗಕ್ಕೆ ಮರೆಯಾಗಿ ಅದನ್ನು ಅಡ್ಡಡ್ಡ ನಿಲ್ಲಿಸಿದ್ದರು. ಎಂಜಲು ನೀರು ಹಾರಿ ಸಂಗಮದ ಬಯಲಿನ ಮೇಲೆಲ್ಲ ಸಾರಿನ ಕಲೆ. ಒಯ್ಯುತ್ತೇನೆ ಅಂದಾಗ ಅಡಿಗೆಯವರು, ಇದಕ್ಕೆ ಬದಲು ಒಂದು ತಗಡು ಕೊಡಿಸಿ ಹೋಗಿ ಎಂದರು. ಕೊಡಿಸಿದೆ. ಮರೆ ಮಾಡಲು ತಗಡೇ ವಾಸಿ, ಅದನ್ನು ಒಪ್ಪಬೇಕು.

ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಚ್ಚಿ ಸುರುಳಿ ಸುತ್ತಿ ಬಸ್ಸಿನಲ್ಲಿ ಮನೆಗೆ ತಂದೆ. ಗಂಡನೂ ನಾನೂ ಸೇರಿ ಹಿತ್ತಿಲ ಹಗ್ಗಕ್ಕೆ ಸೀರೆ ಒಣಗಿಸುವಂತೆ ತೂಗುಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆವು. ಅಕ್ರಿಲಿಕ್ ಬಣ್ಣ ಮಾತಿಗೆ ತಪ್ಪುವುದಿಲ್ಲ, ಸಾರು ಹೋಯಿತು, ಬಣ್ಣ ಉಳಿಯಿತು. ಸಂಜೆಯ ಬಿಸಿಲು ಪಕ್ಕದಿಂದ ಬಿದ್ದಾಗ ಕೆಳಗಿನ ಪದರಗಳ ಅಂಚು ಎದ್ದು ಕಂಡವು. ತಿ. ನರಸೀಪುರದ ಆಕಾಶದೊಳಗೆ ನಂಜನಗೂಡಿನ ಗೋಪುರದ ಅಂತಸ್ತುಗಳು ಗಾಯದ ಗುರುತಿನಂತೆ ಉಬ್ಬಿದ್ದವು.

"ಇಷ್ಟೆಲ್ಲಾದ್ರಲ್ಲಿ ಚೆನ್ನಾಗಿ ಬಂದಿರೋದು ಯಾವುದು?" ಎಂದು ಗಂಡ ಕೇಳಿದರು. ಅವರು ಚಿತ್ರದ ಬಗ್ಗೆ ಪ್ರಶ್ನೆ ಕೇಳುವವರಲ್ಲ.

ಬಹಳ ಹೊತ್ತು ಹುಡುಕಿದೆ. ಗುಡಿಯ ಬದಿಯಲ್ಲಿ ಒಂದು ಮನೆಯ ಪಕ್ಕದ ಗೋಡೆಯಿದೆ. ಕೆಮ್ಮಣ್ಣಿನ ಗೋಡೆ, ಸುಣ್ಣ ಅರ್ಧ ಉದುರಿದೆ, ಬೆಳಗಿನ ಬೆಳಕು ಅದರ ಮೇಲಿನ ಮೂಲೆಗೆ ಮಾತ್ರ ಬಿದ್ದಿದೆ. ಅದನ್ನು ಒಂದೇ ಪಟ್ಟಿಗೆ ಕೂತು, ಬಣ್ಣ ಒಣಗುವ ಮುಂಚೆ ಬರೆದು ಮುಗಿಸಿದ್ದೆ. ಗೋಡೆಗೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಯಾರ ಮನೆಯೆಂದು ನನಗೆ ಈಗಲೂ ಗೊತ್ತಿಲ್ಲ.

"ಇದು" ಎಂದು ತೋರಿಸಿದೆ.

ಅವರು ಬಗ್ಗಿ ನೋಡಿದರು. "ಇದ್ರಲ್ಲಿ ಏನೂ ಇಲ್ವಲ್ಲ" ಅಂದರು. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಕತ್ತಲಾದಾಗ ಒಳಗೆ ಹೋದರು.